ಕಲಾವಿದ ಕೆ. ವೆಂಕಟಪ್ಪ

1886ರಲ್ಲಿ ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಜನಿಸಿದ ವೆಂಕಟಪ್ಪನವರಿಗೆ ಚಿತ್ರಕಲೆ ವಂಶಪಾರಂಪರ್ಯವಾಗಿ ಬಂದ ವಿದ್ಯೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಅವರು ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಪುರಾಣಪಾತ್ರಗಳನ್ನು ಸೂಕ್ಷ್ಮ ರೇಖೆಗಳಲ್ಲಿ ಚಿತ್ರಿಸಿ ಕೀರ್ತಿ ಗಳಿಸಿದರು.

1926ರಲ್ಲಿ ಉದಕಮಂಡಲದಲ್ಲಿಯೂ 1934ರಲ್ಲಿ ಕೊಡೈಕನಾಲಿನಲ್ಲಿಯೂ ಅವರು ಜಲವರ್ಣದಲ್ಲಿ ನಿಸರ್ಗದೃಶ್ಯಗಳನ್ನು ರಚಿಸಿದರು. ಆಸ್ಥಾನ ಕಲಾವಿದರಲ್ಲಿ ಇದು ಅಪೂರ್ವ. ದೇವತೆಗಳೂ ದೊರೆಗಳೂ ಇದ್ದೆಡೆಯಲ್ಲಿ ಈಗ ಕೆರೆಯ ನೀರು, ಚದುರುವ ಮುಂಗಾರಿನ ಮೋಡ, ಬೆಟ್ಟವನ್ನು ಮುಸುಕಿದ ಮಂಜು ಬಂದವು. ನೋಡನೋಡುತ್ತ ಕರಗುವ ಮಂಜನ್ನು ಕಾಗದದ ಮೇಲೆ ಹಿಡಿದಿಡುವುದು ಎಷ್ಟು ಕಠಿನವೆಂಬುದನ್ನು ಚಿಕ್ಕಮಗಳೂರಿನ ಗಿರಿಗಳನ್ನು ಕಂಡವರು ಬಲ್ಲರು.

1940ರಲ್ಲಿ ಒಡೆಯರು ಕಾಲವಾದ ಮೇಲೆ ಅರಮನೆಯ ಆಶ್ರಯ ತಪ್ಪಿತು. ವೆಂಕಟಪ್ಪನವರು ಬೆಂಗಳೂರಿನಲ್ಲಿ ನೆಲೆಸಿ, ಅವಿವಾಹಿತರಾಗಿಯೇ ಏಕಾಂತದಲ್ಲಿ ಬಾಳಿ, 1965ರಲ್ಲಿ ನಿಧನ ಹೊಂದಿದರು. ಅವರ ಕೃತಿಗಳು ಆ ನಗರದಲ್ಲಿ ಅವರ ಹೆಸರಿನ ಚಿತ್ರಶಾಲೆಯ ಸಂಪತ್ತಾಗಿವೆ.