ಗುಸ್ತಾವ್ ದೋರೆ ಕಂಡ ಲಂಡನ್ನಿನ ಹೂವಾಡಗಿತ್ತಿಯರು

ಮುಂಬಯಿ, ಪುಣೆಯಲ್ಲಿರುವ ನಮ್ಮಲ್ಲಿ ಹಲವರು ಪು. ಲ. ದೇಶಪಾಂಡೆಯವರ ‘ತೀ ಫುಲರಾಣಿ’ ಮರಾಠಿ ನಾಟಕವನ್ನು ನೋಡಿರಬಹುದು, ಇಲ್ಲವೇ ಅದರ ಹೆಸರನ್ನಾದರೂ ಕೇಳಿರಬಹುದು. ಅದರ ನಾಯಕಿ, ಹೂ ಮಾರುವ ಮಂಜುಳೆಗೆ ಮೂಲ ಬರ್ನಾರ್ಡ್ ಷಾ ಬರೆದ ‘ಪಿಗ್ಮೇಲಿಯನ್’ ನಾಟಕದ ಎಲೈಜಾ. ಲಂಡನ್ನಿನ ಕೊವೆಂಟ್ ಗಾರ್ಡನ್ ಮಾರುಕಟ್ಟೆಯ ಬಳಿ ಹೂ ಮಾರುವ ಹುಡುಗಿ ಅವಳು. ಆ ನಾಟಕ ರಂಗವೇರಿದ್ದು 1913ರಲ್ಲಿ. ಅದಕ್ಕೂ ನಾಲ್ಕು ದಶಕ ಮೊದಲೇ ಅದೇ ಬೀದಿಗಳ ಹೂವಾಡಗಿತ್ತಿಯರನ್ನು ಚಿತ್ರಿಸಿದ ಒಬ್ಬ ಫ್ರೆಂಚ್ ಕಲಾವಿದನಿದ್ದ. ಅವನೇ ಗುಸ್ತಾವ್ ದೋರೆ. ಅವನ ಬದುಕನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ನನಗೆ ಬಹಳ ದಿನಗಳ ಆಸೆ.

ದೋರೆ ಹುಟ್ಟಿದ್ದು 1832ರ ಜನವರಿ 6ರಂದು, ಸ್ಟ್ರಾಸ್‌ಬರ್ಗ್ ನಗರದಲ್ಲಿ. ಶಾಲೆಯ ಪುಸ್ತಕಗಳ ಅಂಚಿನಲ್ಲೆಲ್ಲ ಚಿತ್ರ ಗೀಚುತ್ತಿದ್ದ ಹುಡುಗ. ಹದಿನೈದನೆಯ ವಯಸ್ಸಿಗೇ ಪ್ಯಾರಿಸ್ಸಿನ ಪ್ರಕಾಶಕನೊಬ್ಬ ಅವನ ಕೈಚಳಕ ಕಂಡು ನಗೆಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುವ ಕೆಲಸ ಕೊಟ್ಟ. ಸ್ವಲ್ಪ ಕಾಲದಲ್ಲೇ ತಂದೆ ತೀರಿಕೊಂಡರು. ಮನೆಯ ಭಾರ ಹದಿಹರೆಯದ ಹುಡುಗನ ಹೆಗಲಿಗೆ ಬಿತ್ತು. ಅವನು ಮದುವೆಯಾಗಲಿಲ್ಲ. ತಾಯಿ ಬದುಕಿರುವವರೆಗೂ ಅವರ ಜೊತೆಯಲ್ಲೇ ಇದ್ದ.

ಅವನಿಗೆ ಹೆಸರು ತಂದದ್ದು ಪುಸ್ತಕಗಳ ಚಿತ್ರಗಳು. ಡಾಂಟೆಯ ‘ಇನ್‌ಫರ್ನೊ’ಗೆ ಬರೆದ ದೊಡ್ಡ ಚಿತ್ರಗಳನ್ನು ಅಚ್ಚು ಹಾಕಲು ಪ್ರಕಾಶಕರು ಹಿಂಜರಿದಾಗ, 1861ರಲ್ಲಿ ಸ್ವಂತ ಹಣ ಹಾಕಿ ಹೊರತಂದ. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. 1863ರಲ್ಲಿ ‘ಡಾನ್ ಕ್ವಿಕ್ಸೋಟ್’, 1866ರಲ್ಲಿ ಬೈಬಲ್ ಬಂದವು. ಅವನು ಮರದ ಹಲಗೆಯ ಮೇಲೆ ಚಿತ್ರ ಬರೆದುಕೊಟ್ಟರೆ ನುರಿತ ಕೆತ್ತನೆಗಾರರು ಅದನ್ನು ಕೊರೆದು ಅಚ್ಚಿಗೆ ಸಿದ್ಧ ಮಾಡುತ್ತಿದ್ದರು. ಆದರೆ ದೋರೆಯ ಒಳಗಿನ ಆಸೆಯೇ ಬೇರೆ. ತಾನು ದೊಡ್ಡ ತೈಲವರ್ಣ ಚಿತ್ರಕಾರ ಎನಿಸಿಕೊಳ್ಳಬೇಕೆಂಬುದು ಅವನ ಹಂಬಲ. ಪ್ಯಾರಿಸ್ಸಿನ ವಿಮರ್ಶಕರು ಅದಕ್ಕೆ ಸೊಪ್ಪು ಹಾಕಲಿಲ್ಲ. ಲಂಡನ್ ಮಾತ್ರ ಕೈಹಿಡಿಯಿತು. ಅಲ್ಲಿನ ನ್ಯೂ ಬಾಂಡ್ ಸ್ಟ್ರೀಟಿನಲ್ಲಿ ಅವನ ಹೆಸರಿನದೇ ಗ್ಯಾಲರಿ ತೆರೆಯಿತು.

ಆಗ ಲಂಡನ್ ಜಗತ್ತಿನ ಅತಿ ದೊಡ್ಡ ನಗರ. 30 ಲಕ್ಷಕ್ಕೂ ಹೆಚ್ಚು ಜನ. ಪತ್ರಕರ್ತ ಬ್ಲಾಂಚರ್ಡ್ ಜೆರಲ್ಡ್ ಜೊತೆ ದೋರೆ ಆ ನಗರವನ್ನು ಸುತ್ತಿದ. ಶ್ರೀಮಂತರ ಕುದುರೆ ಪಂದ್ಯ, ದೋಣಿ ಸ್ಪರ್ಧೆಗಳನ್ನೂ ನೋಡಿದ. ಮಫ್ತಿಯ ಪೊಲೀಸರ ಜೊತೆ ರಾತ್ರಿ ವೈಟ್‌ಚಾಪೆಲ್‌ನ ಕೊಳೆಗೇರಿಗಳನ್ನೂ ಹೊಕ್ಕ. ಬೀದಿಯಲ್ಲಿ ನಿಂತು ವಿಸ್ತಾರವಾಗಿ ಬರೆಯುವುದು ಅವನಿಗೆ ಒಗ್ಗುತ್ತಿರಲಿಲ್ಲ. ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಬಿಡಿಸುತ್ತಿದ್ದ. 1872ರಲ್ಲಿ 180 ಚಿತ್ರಗಳ ‘ಲಂಡನ್: ಎ ಪಿಲ್ಗ್ರಿಮೇಜ್’ ಹೊರಬಂತು. ಹೂವಾಡಗಿತ್ತಿ ಅದರಲ್ಲಿ ಕಾಣಿಸುತ್ತಾಳೆ.

ಅವಳ ಬಾಳು ಹೇಗಿತ್ತು? ನಸುಕಿನಲ್ಲೇ ಕೊವೆಂಟ್ ಗಾರ್ಡನ್ನಿಗೆ ಹೋಗಿ ಸಗಟು ಹೂ ಕೊಳ್ಳಬೇಕು. ನಮ್ಮ ಹೂವಿನವರ ಹಾಗೆ ಮೊಳದ ಲೆಕ್ಕ ಅಲ್ಲಿಲ್ಲ. ನೇರಳೆ ಬಣ್ಣದ ಪುಟ್ಟ ವಯೊಲೆಟ್ ಹೂಗಳನ್ನು ಸಣ್ಣ ಸಣ್ಣ ಗೊಂಚಲು ಕಟ್ಟಿ, ಒಂದೊಂದು ಪೆನ್ನಿಗೆ ಮಾರಬೇಕು. ಗಂಡಸರು ಕೋಟಿನ ಗುಂಡಿಗೆ ಸಿಕ್ಕಿಸಿಕೊಳ್ಳಲು ಕೊಳ್ಳುತ್ತಿದ್ದರು. ಮಳೆ ಬಂದರೆ ವ್ಯಾಪಾರವಿಲ್ಲ. ಬಾಡಿದ ಹೂವಿಗೆ ಬೆಲೆಯೂ ಇಲ್ಲ. ಎಷ್ಟೋ ಮಂದಿ ಇನ್ನೂ ಚಿಕ್ಕ ಮಕ್ಕಳು. ಇಂಥ ಹುಡುಗಿಯರಿಗಾಗಿಯೇ ಜಾನ್ ಗ್ರೂಮ್ ಎಂಬವರು 1866ರಲ್ಲಿ ಲಂಡನ್ನಿನಲ್ಲಿ ಒಂದು ಸೇವಾಸಂಸ್ಥೆ ಆರಂಭಿಸಿದ್ದರು ಎಂದರೆ ಅವರ ಪಾಡು ಊಹಿಸಬಹುದು.

ಆ ಕಾಲದ ಅನೇಕ ಕಲಾವಿದರಿಗೆ ಹೂ ಮಾರುವ ಹುಡುಗಿಯೆಂದರೆ ಗುಲಾಬಿ ಕೆನ್ನೆಯ ಚೆಲುವೆ. ಬಡತನವೂ ಅವರ ಕುಂಚದಲ್ಲಿ ಮುದ್ದಾಗಿಬಿಡುತ್ತಿತ್ತು. ದೋರೆ ಹಾಗೆ ಮಾಡಲಿಲ್ಲ. 1870ರ ದಶಕದಲ್ಲಿ ಅವನು ಲಂಡನ್ನಿನ ಹೂವಾಡಗಿತ್ತಿಯರನ್ನು ತೈಲವರ್ಣದಲ್ಲೂ ಚಿತ್ರಿಸಿದ. ಆ ಚಿತ್ರ ಈಗ ಲಿವರ್‌ಪೂಲಿನ ವಾಕರ್ ಆರ್ಟ್ ಗ್ಯಾಲರಿಯಲ್ಲಿದೆ. ಅದರಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಹೂವಿನ ಮೇಲಲ್ಲ, ಮಗುವನ್ನು ಹಿಡಿದು ಕೂತ ತಾಯಿಯ ದಣಿದ ಮುಖದ ಮೇಲೆ. 1874ರ ‘ಲೆ ಸಾಲ್ತಿಂಬಾಂಕ್’ ಚಿತ್ರದಲ್ಲೂ ಅಷ್ಟೇ: ದೊಂಬರಾಟದಲ್ಲಿ ಪೆಟ್ಟು ತಿಂದು ಸಾಯುತ್ತಿರುವ ಮಗುವನ್ನು ತಾಯಿ ಅಪ್ಪಿಕೊಂಡಿದ್ದಾಳೆ. 1870ರ ಯುದ್ಧದಲ್ಲಿ ಹುಟ್ಟೂರು ಜರ್ಮನಿಯ ಪಾಲಾದದ್ದನ್ನು ಕಂಡವನು, ತಾಯಿಯ ನೆರಳಲ್ಲೇ ಬಾಳಿದವನು. ಬೀದಿಯ ತಾಯಂದಿರ ನೋವು ಅವನ ಕಣ್ಣಿಗೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ ಎಂದು ನನಗನ್ನಿಸುತ್ತದೆ.

ಲಂಡನ್ ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಆದರೆ ನಗರದ ಬಡತನವನ್ನೇ ಹೆಚ್ಚಾಗಿ ತೋರಿಸಿದ, ಕಂಡದ್ದಕ್ಕಿಂತ ಕಲ್ಪಿಸಿದ್ದೇ ಹೆಚ್ಚು ಎಂದು ಅಲ್ಲಿನ ವಿಮರ್ಶಕರು ಆಕ್ಷೇಪಿಸಿದರು. 1881ರಲ್ಲಿ ತಾಯಿ ತೀರಿಕೊಂಡ ಮೇಲೆ ದೋರೆ ಕುಗ್ಗಿಹೋದ. 1883ರ ಜನವರಿ 23ರಂದು, 51ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಕೊನೆಯುಸಿರೆಳೆದ. ಏಳು ವರ್ಷಗಳ ನಂತರ ವ್ಯಾನ್ ಗಾಗ್ ಆಸ್ಪತ್ರೆಯಲ್ಲಿದ್ದಾಗ, ಅದೇ ಲಂಡನ್ ಪುಸ್ತಕದ ಜೈಲಿನ ಅಂಗಳದ ಚಿತ್ರವನ್ನು ಮುಂದಿಟ್ಟುಕೊಂಡು ಬಣ್ಣದಲ್ಲಿ ಬರೆದ. ದೋರೆ ಬಯಸಿದ ತೈಲವರ್ಣದ ಕೀರ್ತಿಗಿಂತ ಅವನ ಕಪ್ಪು ಬಿಳುಪಿನ ಲಂಡನ್ನೇ ಹೆಚ್ಚು ಕಾಲ ಬಾಳಿತು.

ಗೆಳತಿಯರೇ, ದಾದರ್, ಕೊಯಂಬೇಡು, ಗುಡಿಮಲ್ಕಾಪುರ, ಗಾಜಿಪುರಗಳ ಹೂವಿನ ಮಾರುಕಟ್ಟೆ ನಮಗೆಲ್ಲ ಗೊತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನ ಬೆಲೆ ಎಷ್ಟಾಯಿತೆಂದು ಮಾತಾಡುತ್ತೇವೆ. ಆ ಹೂ ಕಟ್ಟಿದವಳು ಎಷ್ಟು ಗಂಟೆಗೆ ಎದ್ದಳು, ಅವಳ ಮಗು ಎಲ್ಲಿ ಮಲಗಿದೆ ಎಂಬುದು ಆ ಮಾತಿನಲ್ಲಿ ಬರುವುದು ಕಡಿಮೆ. ದೋರೆಯ ಚಿತ್ರಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಒಮ್ಮೆ ತೆರೆದು ನೋಡಿ, ಮನೆಯ ಮಕ್ಕಳಿಗೂ ತೋರಿಸಿ.