ಕಾಲ್ಚೆಂಡಾಟದ ಗುರು ವಿತ್ಸ್‌ಪಾಲೆಕ್

ಪ್ರಾಗ್ ನಗರದಲ್ಲಿ 1921ರಲ್ಲಿ ಜನಿಸಿದ ಚೆಸ್ತ್‌ಮೀರ್ ವಿತ್ಸ್‌ಪಾಲೆಕ್ ಅವರು ಸ್ಲಾವಿಯಾ ತಂಡದ ಆಟಗಾರರಾಗಿ ಹೆಸರಾದವರು. ಮಹಾಯುದ್ಧದಲ್ಲಿ ನಾಜಿಗಳು ಅವರನ್ನು ಡಾಖಾವ್ ಬಂಧನ ಶಿಬಿರಕ್ಕೆ ನೂಕಿದರು. ಅಲ್ಲಿಂದ ಬದುಕಿ ಬಂದು, 1946ರಲ್ಲಿ ಇಟಲಿಯ ಯುವೆಂಟಸ್ ತಂಡವನ್ನು ಸೇರಿದರು. ಪಲೆರ್ಮೊ, ಪಾರ್ಮಾಗಳಿಗೂ ಆಡಿ, ಬಳಿಕ ತರಬೇತುದಾರರಾದರು. 1971ರಲ್ಲಿ ತರುಣ ಶಿಕ್ಷಕ ಪಿಕ್ಕಿ ಅವರು ತೀವ್ರ ಅಸ್ವಸ್ಥರಾಗಲು, ಯುವೆಂಟಸ್ಸಿನ ಹೊಣೆ ಇವರ ಹೆಗಲೇರಿತು.

ಮರುವರ್ಷ ತಂಡವು ಪ್ರಶಸ್ತಿಯ ಹೊಸ್ತಿಲಲ್ಲಿದ್ದಾಗ, ಮೇ 5ರಂದು, ಪಲೆರ್ಮೊ ಬಳಿ ವಿಮಾನವೊಂದು ಬೆಟ್ಟಕ್ಕೆ ಬಡಿದು 115 ಮಂದಿ ಮಡಿದರು. ಅವರಲ್ಲಿ ವಿತ್ಸ್‌ಪಾಲೆಕ್ ಅವರ ಮಗನೂ ಒಬ್ಬ. ಪುತ್ರಶೋಕಕ್ಕೆ ಮಿಗಿಲಾದ ಶೋಕವುಂಟೆ? ಆದರೂ ಅವರು ತಂಡವನ್ನು ಕೈಬಿಡಲಿಲ್ಲ. ಆ ತಿಂಗಳ ಕೊನೆಯಲ್ಲಿ ಇಟಲಿಯ ಪ್ರಶಸ್ತಿ ಯುವೆಂಟಸ್ಸಿಗೇ ಒಲಿಯಿತು. 1973ರಲ್ಲಿಯೂ ಅದನ್ನು ಉಳಿಸಿಕೊಂಡರು. ಮೂವತ್ತು ವರ್ಷಗಳ ತರುವಾಯ, 2002ರ ಅದೇ ಮೇ 5ರಂದು, ಅವರು ನಿಧನರಾದರು.