ಕಾಗಿನೆಲೆಯ ಶ್ರೀ ಕನಕದಾಸರು

16ನೇ ಶತಮಾನದ ಶ್ರೀ ಕನಕದಾಸರ ಹುಟ್ಟೂರು ಶಿಗ್ಗಾಂವಿ ತಾಲೂಕಿನ ಬಾಡ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ. ಮೊದಲ ಹೆಸರು ತಿಮ್ಮಪ್ಪ. ನೆಲ ಅಗೆಯುವಾಗ ಹೊನ್ನು ಸಿಕ್ಕಿ ಕನಕನಾಯಕರಾದರೆಂದು ಪ್ರತೀತಿ. ಡಣ್ಣಾಯಕರಾಗಿದ್ದ ಇವರು ಯುದ್ಧದಲ್ಲಿ ಗಾಯಗೊಂಡು ಸಾವಿನ ದವಡೆಯಿಂದ ಪಾರಾದರಂತೆ. ಆಮೇಲೆ ಕತ್ತಿ, ಅಧಿಕಾರ ಎರಡೂ ಬಿಟ್ಟು ಬ್ಯಾಡಗಿ ತಾಲೂಕಿನ ಕಾಗಿನೆಲೆ ಆದಿಕೇಶವನ ಪಾದ ಹಿಡಿದರು. ನಾಳೆ ಊಟ ಎಲ್ಲಿ, ಮಲಗೋದು ಎಲ್ಲಿ ಅನ್ನೋದು ಗೊತ್ತಿಲ್ಲದ ದಾಸರ ಬಾಳು ಅದು. ಉಡುಪಿಯಲ್ಲಿ ಗುಡಿಯೊಳಗೆ ಬಿಡದಿದ್ದಾಗಲೂ ಎದೆಗುಂದದೆ ಹೊರಗೇ ನಿಂತು ಹಾಡಿದರೆಂದು ಹೇಳುತ್ತಾರೆ. ಅಲ್ಲಿ ಕನಕನ ಕಿಂಡಿ ಈಗಲೂ ಇದೆ. ಸಿಕ್ಕ ಹೊನ್ನು ಉಳಿಯಲಿಲ್ಲ, ಕೀರ್ತನೆಗಳು ಉಳಿದವು.

ಮಳೆ ಬೆಳೆ, ಮಕ್ಕಳ ಮದುವೆ, ನೌಕರಿ ಏನಾಗುತ್ತದೋ ಅಂತ ಚಿಂತೆ ಹೊತ್ತು ಈ ದೇವರಗುಡ್ಡ ಹತ್ತುವ ಭಕ್ತರು ಇದನ್ನು ನೆನೆದು ಧೈರ್ಯ ತಂದುಕೊಳ್ಳಬೇಕು. ಮಾಲತೇಶನ ದರ್ಶನವಾದ ಮೇಲೆ ರಾಣೆಬೆನ್ನೂರು, ಬ್ಯಾಡಗಿ ಮಾರ್ಗವಾಗಿ ಕಾಗಿನೆಲೆಗೂ ಹೋಗಿಬರಬೇಕಾಗಿ ವಿನಂತಿ.